ಮಾವನ ರಿವಾಲ್ವರು ಮತ್ತು ಕುಸುಬಿ ಎಣ್ಣೆ

ಹೋದ ತಿಂಗಳು ನನ್ನ ಹೆಂಡತಿ ಶಾಂತಾ ಅಂಗಡಿಯಿಂದ ಒಂದು ಬಾಟಲಿ ಕುಸುಬಿ ಎಣ್ಣೆ ತಂದಳು. ಮರದ ಗಾಣದ್ದಂತೆ. ಬೆಲೆ ಕೇಳಿದರೆ ಒಗ್ಗರಣೆಯೇ ಬೇಡ ಅನ್ನಿಸುವಂಥದ್ದು. ಮುಚ್ಚಳ ತೆಗೆದು ನನ್ನ ಮೂಗಿನ ಹತ್ತಿರ ಹಿಡಿದು, "ಅಸಲಿ ಅದ ಏನ್ ನೋಡ್ರಿ" ಅಂದಳು. ಈ ವಾಸನೆಗೆ ನಮ್ಮ ಕಡೆಯವರಿಗೆಲ್ಲ ಒಗ್ಗರಣೆ ಹಾಕಿದ ಚುರುಮುರಿ, ಹಸಿ ಉಳ್ಳಾಗಡ್ಡಿ ನೆನಪಾಗಿ ಬಾಯಲ್ಲಿ ನೀರೂರುತ್ತದೆ. ನನಗೆ ನೆನಪಾಗುವುದು ರಿವಾಲ್ವರಿನ ಕುದುರೆ. ತೋರುಬೆರಳಿನಿಂದ ಎಳೆಯುವ ಆ ಪುಟ್ಟ ಕಬ್ಬಿಣದ ಕೊಕ್ಕೆ ಇದೆಯಲ್ಲ, ಟ್ರಿಗರ್ ಅನ್ನುತ್ತಾರಲ್ಲ, ಅದು. ನಗಬೇಡಿ, ಕಾರಣವಿದೆ.

ಎಣ್ಣೆ ಅಸಲಿಯೋ ನಕಲಿಯೋ ಮೂಗಿನಿಂದ ಹೇಳುವಷ್ಟು ನಾನು ಜಾಣನಲ್ಲ. ಮನೆಯಲ್ಲಿದ್ದ ಹಳೆಯ ಕಬ್ಬಿಣದ ಕತ್ತರಿಯ ಕೀಲಿಗೆ ಕೆಲವು ಹನಿ ಬಿಟ್ಟು ಕಿಟಕಿಯ ಬಿಸಿಲಿಗೆ ಇಟ್ಟೆ. ಅದು ಅಲ್ಲೇ ಇರಲಿ, ಅಷ್ಟರಲ್ಲಿ ನಾವು ಮಾತಾಡೋಣ.

ಎಂಬತ್ತರ ದಶಕದಲ್ಲಿ ನಾನು ಆಳಂದದ ಒಂದು ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತಿದ್ದೆ. ಹುಡುಗರಿಗೆ ಕವಾಯತು ಕಲಿಸುವ ಹೆಚ್ಚುವರಿ ಕೆಲಸವೂ ನನ್ನ ಹೆಗಲಿಗೆ ಬಿದ್ದಿತ್ತು. ಇತಿಹಾಸದವನಿಗೆ ಯುದ್ಧ ಗೊತ್ತಿರುತ್ತದೆ ಎಂದು ಪ್ರಿನ್ಸಿಪಾಲರ ಲೆಕ್ಕ. ಅದಕ್ಕಾಗಿ ಶಿಬಿರಗಳಿಗೆ ಹೋಗಿ ಬಂದೂಕು, ಪಿಸ್ತೂಲು ಹಾರಿಸಲು ಕಲಿತೆ. ಒಂದು ಶಿಬಿರದಲ್ಲಿ ನನ್ನ ಗುಂಡುಗಳೆಲ್ಲ ಪಕ್ಕದವರ ಗುರಿಹಲಗೆಗೆ ಬಿದ್ದು ಅವರಿಗೆ ಬಹುಮಾನ ಬಂತು. ಗುರಿ ಕೂಡದಿದ್ದರೂ ಬಾಯಿಗೇನು ಬರ? ಕೈಯಲ್ಲಿ ಹಿಡಿಯುವ ಆಯುಧದ ಗುಣವೆಲ್ಲ ಅದರ ಕುದುರೆಯಲ್ಲಿದೆ ಎಂದು ಶಿಬಿರದ ಸುಬೇದಾರರು ಹೇಳಿದ್ದನ್ನು ನಾನು ಬಾಯಿಪಾಠ ಮಾಡಿಕೊಂಡಿದ್ದೆ, ಮತ್ತು ಸಿಕ್ಕವರಿಗೆಲ್ಲ ಹೇಳುತ್ತಿದ್ದೆ. ಮಾವನ ಮನೆಯಲ್ಲಿ ನನ್ನ ಗುರಿಯ ಸುದ್ದಿ ತಿಳಿದಿರಲಿಲ್ಲ, ಮಾತು ಮಾತ್ರ ತಿಳಿದಿತ್ತು. ಹೀಗಾಗಿ ಅಲ್ಲಿ ನಾನು ಪಂಡಿತ.

ಮಾವ ಅಫಜಲಪುರ ತಾಲೂಕಿನ ಗೊಬ್ಬೂರಿನ ಆಚೆಯ ಒಂದು ಊರಿನ ಗೌಡರು. ಒಳ್ಳೆಯವರು, ಊಟಕ್ಕೆ ಕರೆದರೆ ಬಿಡುವವರಲ್ಲ. ಸಿಟ್ಟು ಮಾತ್ರ ಮೂಗಿನ ತುದಿಯಲ್ಲಿ. ಅವರ ಮನೆಯಲ್ಲಿ ನಿಜಾಮರ ಕಾಲದಿಂದ ಬಂದ ಒಂದು ರಿವಾಲ್ವರಿತ್ತು. ಅದಕ್ಕೆ ಕೆಲಸವೇನೂ ಇರಲಿಲ್ಲ. ಚುನಾವಣೆ ಬಂದಾಗ ಠಾಣೆಗೆ ಹೋಗಿ ಠೇವಣಿ ಕೂರುತ್ತಿತ್ತು. ಮಹಾನವಮಿಗೆ ಖಂಡೆ ಪೂಜೆ, ಎಂದರೆ ನಮ್ಮ ಕಡೆಯ ಆಯುಧಪೂಜೆ, ಬಂದಾಗ ಟ್ರಂಕಿನಿಂದ ಹೊರಗೆ ಬರುತ್ತಿತ್ತು. ಕುಡಗೋಲು, ಕುಂಟೆಯ ತಾಳು, ಈಳಿಗೆ ಎಲ್ಲವನ್ನೂ ತೊಳೆದು ಕಂಬಳಿಯ ಮೇಲೆ ಸಾಲಾಗಿಟ್ಟು ಅತ್ತೆ ಎಣ್ಣೆ ಹಚ್ಚುತ್ತಿದ್ದರು. ಅದೇ ಬಟ್ಟಲು, ಅದೇ ಅರಿವೆಯ ಚೂರು. ರಿವಾಲ್ವರಿಗೆ ಮರ್ಯಾದೆ ಹೆಚ್ಚು, ಆದ್ದರಿಂದ ಎಣ್ಣೆಯೂ ಹೆಚ್ಚು. ಸಂದುಗೊಂದಿಗೆಲ್ಲ ಇಳಿಯುವಂತೆ ಸುರಿಯುತ್ತಿದ್ದರು.

ಆ ರಿವಾಲ್ವರಿನ ಕುದುರೆ ಬಹಳ ಬಿಗಿ. ಅದನ್ನು ಎಳೆಯಲು ತಮ್ಮ ಮನೆತನದ ಬೆರಳೇ ಬೇಕು ಎಂದು ಮಾವ ಬಂದವರ ಮುಂದೆ ಹೇಳುತ್ತಿದ್ದರು. ತಾವೇ ಎಳೆದು ತೋರಿಸಿದ್ದನ್ನು ಮಾತ್ರ ನಾನು ಕಂಡಿರಲಿಲ್ಲ. ಕಾರಣವನ್ನು ಮದುವೆಯಾದ ವರ್ಷ ಶಾಂತಾ ಹೇಳಿದಳು. ಅದಕ್ಕೆ ಕೆಲವು ವರ್ಷ ಹಿಂದೆ, ಅವಳು ಲಂಗ ಉಡುತ್ತಿದ್ದ ಕಾಲದಲ್ಲಿ, ಬಾವಿ ನೀರಿನ ಪಾಳಿಗಾಗಿ ಮಾವನಿಗೂ ಅವರ ಒಬ್ಬನೇ ತಮ್ಮ ಚೆನ್ನಪ್ಪ ಕಾಕಾನಿಗೂ ಜಗಳವಾಯಿತು. ಕಾಕಾ ಅಂಗಳದಲ್ಲಿ ನಿಂತು ಏನೋ ಅಂದರು. ಮಾವ ಒಳಗೆ ಹೋಗಿ ರಿವಾಲ್ವರು ತಂದು, ತಮ್ಮನ ಎದೆಗೆ ಹಿಡಿದು, ಎಳೆದರು. ಹೆದರಿಸಲು ಅಲ್ಲ, ಎಳೆದೇಬಿಟ್ಟರು. ಕುದುರೆ ಅರ್ಧ ಬಂದು ನಿಂತಿತು. ಎರಡು ಬೆರಳು ಹಾಕಿ ಮತ್ತೆ ಎಳೆಯುವಷ್ಟರಲ್ಲಿ ಅತ್ತೆ ರೊಟ್ಟಿ ಹಿಟ್ಟಿನ ಕೈಯಲ್ಲೇ ಓಡಿಬಂದು ನಡುವೆ ನಿಂತರು.

ಮನೆದೇವರು ತಡೆದ ಎಂದು ಎಲ್ಲರೂ ಒಪ್ಪಿಕೊಂಡರು. ಅಣ್ಣತಮ್ಮಂದಿರು ಬೇರೆಯಾದರು. ಒಲೆ ಎರಡಾದವು, ಬಾವಿ ಒಂದೇ ಉಳಿಯಿತು. ಅಂದಿನಿಂದ ಇಬ್ಬರೂ ಒಬ್ಬರಿಗೊಬ್ಬರು ನೇರವಾಗಿ ಮಾತಾಡಲಿಲ್ಲ. ಕಾಕಾ ಹಬ್ಬಕ್ಕೆ ಬರುತ್ತಿದ್ದರು, ಉಣ್ಣುತ್ತಿದ್ದರು; ಮಾತೆಲ್ಲ ಅತ್ತೆಯ ಮೂಲಕ. "ಅವಗ ಹೇಳು, ನಾಳಿ ಮೋಟಾರು ನಂದು" ಎಂದು ಮಾವ ಅನ್ನುವರು. ಮಾರು ದೂರದಲ್ಲಿ ಕೂತ ಕಾಕಾ, "ಆಗಲಿ ಅಂತ ಹೇಳ್ರಿ ವೈನಿ" ಅನ್ನುವರು. ಅತ್ತೆ ಏನೂ ಹೇಳದೆ ರೊಟ್ಟಿ ಬಡಿಯುವರು.

ಹೀಗಿರುವಾಗ ಜೇವರ್ಗಿ ಕಡೆ ನೆಲೋಗಿಯಲ್ಲಿದ್ದ ಇವರ ಸೋದರಮಾವ ತೀರಿಕೊಂಡರು. ಮಕ್ಕಳಿಲ್ಲದ ಅವರ ಪಿಸ್ತೂಲು ಈ ಮನೆಗೆ ಬಂತು. ಲೈಸೆನ್ಸಿನ ಸಾಹೇಬರು, ಒಂದು ಮನೆಗೆ ಒಂದು ಸಾಕು, ಯಾವುದಾದರೂ ಇಟ್ಟುಕೊಂಡು ಇನ್ನೊಂದನ್ನು ಮಾರಿ ಎಂದರು. ಯಾವುದು ಇರಬೇಕು ಎಂದು ತೀರ್ಮಾನಿಸಲು ಅಳಿಯನಿಗೆ ಕರೆ ಬಂತು. ಪಿಸ್ತೂಲಿನಲ್ಲಿ ಕಾಕಾನ ಪಾಲೂ ಇದ್ದುದರಿಂದ ಅವರ ರುಜುವೂ ಬೇಕಿತ್ತು. ಅದೇ ವಾರ ಬಾವಿಯ ಪಾಳಿ ಮತ್ತೆ ಕೆಟ್ಟು, ಮಾವ ಹೊಲದಲ್ಲಿ ನಿಂತು ಕೂಗಾಡಿದ್ದರಂತೆ. ಬಸ್ಸಿನಲ್ಲಿ ಶಾಂತಾ ನನ್ನ ತೋಳು ಹಿಡಿದು, "ಹೊಸಾದು ಚಲೋ ಅಂತ ಹೇಳಬ್ಯಾಡ್ರಿ. ಅಪ್ಪನ ಕೈಯಾಗ ಅದು ಬರಬಾರದು. ಕಾಕಾ ಉಳಿಯಂಗಿಲ್ಲ" ಅಂದಳು. ನಾನು ತಲೆಯಾಡಿಸಿದೆ. ಹಳೆಯದನ್ನು ಹೊಗಳಲು ನಾಲ್ಕು ಮಾತುಗಳನ್ನೂ ಜೋಡಿಸಿಕೊಂಡೆ.

ಮುಂಜಾನೆ ಪಡಸಾಲೆಯಲ್ಲಿ ಕೂತೆವು. ಕಂಬಳಿಯ ಮೇಲೆ ಎರಡೂ ಇದ್ದವು. ಕಾಕಾ ಕಂಬಕ್ಕೆ ಒರಗಿ, ಮುಖ ಅಂಗಳದ ಕಡೆ ಮಾಡಿಕೊಂಡಿದ್ದರು. ನಾನು ಎರಡನ್ನೂ ಬಿಚ್ಚಿ, ಒಳಗೆ ಗುಂಡಿಲ್ಲವೆಂದು ನೋಡಿ, ಮತ್ತೊಮ್ಮೆ ನೋಡಿ, ಮೊದಲು ಪಿಸ್ತೂಲು ಎತ್ತಿಕೊಂಡೆ.

ಅಲ್ಲಿ ನಾನು ಕೆಟ್ಟೆ. ಅಂಥ ಕುದುರೆಯನ್ನು ನಾನು ಶಿಬಿರದಲ್ಲೂ ಕಂಡಿರಲಿಲ್ಲ. ಒಳ್ಳೆಯ ಕುದುರೆ ಹೇಗಿರಬೇಕು ಎಂದರೆ, ಮೊದಲು ಸ್ವಲ್ಪ ದೂರ ಸುಮ್ಮನೆ ಬರಬೇಕು, ಆಮೇಲೆ ಒಂದು ತಡೆ ಬೆರಳಿಗೆ ತಿಳಿಯಬೇಕು. ಇಲ್ಲಿಂದ ಮುಂದೆ ಗುಂಡು ಎಂದು ಅದು ಬೆರಳಿಗೆ ಹೇಳಬೇಕು. ತಡೆ ದಾಟುವಾಗ ಜಗ್ಗಬಾರದು, ಕರಕರ ಅನ್ನಬಾರದು. ಹಸಿ ಕಡಲೆಕಾಯಿ ಹಿಸುಕಿದರೆ ಪಟ್ಟೆಂದು ಒಡೆಯುವ ಹಾಗೆ ಒಡೆಯಬೇಕು. ಮತ್ತು ಪ್ರತಿ ಸಲವೂ ಅಷ್ಟೇ ಭಾರ, ಅದೇ ಜಾಗ. ಇಂದು ಹಗುರ ನಾಳೆ ಬಿಗಿ ಆದರೆ ಅದರ ಮೇಲೆ ಭರವಸೆ ಇಡಲಾಗದು. ಬಹಳ ಹಗುರವೂ ಕೆಟ್ಟದ್ದೇ, ಉಸಿರು ಬಿಟ್ಟರೆ ಹಾರುತ್ತದೆ. ಇದೆಲ್ಲವನ್ನೂ ನಾನು ಜೋರಾಗಿಯೇ ಹೇಳಿದೆ. ಮೇಲಿಂದ ಪರೀಕ್ಷೆ ಬೇರೆ ತೋರಿಸಿದೆ: ನಳಿಗೆಯ ತುದಿಯಲ್ಲಿ ಎಂಟಾಣೆ ನಿಲ್ಲಿಸಿ ಎಳೆದೆ. ಚಟ್ ಎಂದಿತು, ನಾಣ್ಯ ಅಲುಗಲಿಲ್ಲ. ಮಾವ "ಆಹಾ" ಎಂದರು. ಅಡುಗೆಮನೆಯ ಬಾಗಿಲಲ್ಲಿ ಶಾಂತಾ ನನ್ನನ್ನು ನೋಡುತ್ತಿದ್ದ ನೋಟ ಇವತ್ತಿಗೂ ಮರೆತಿಲ್ಲ.

ಗಡಿಬಿಡಿಯಿಂದ ರಿವಾಲ್ವರು ಎತ್ತಿಕೊಂಡೆ. ನಾಣ್ಯ ಇಟ್ಟು ಎಳೆದರೆ ಕುದುರೆ ಅರ್ಧ ಬಂದು ನಿಂತಿತು. ಇನ್ನೂ ಬಲ ಹಾಕಿದೆ. ನಾಣ್ಯ ಬಿತ್ತು, ಕುದುರೆ ಬರಲಿಲ್ಲ. ಯಾಕೆ ಎಂದು ಬೆಳಕಿಗೆ ಹಿಡಿದು ನೋಡಿದೆ. ಸಂದಿನಲ್ಲೆಲ್ಲ ಹಳದಿ ಅಂಟು ಗಟ್ಟಿಯಾಗಿ ಕೂತಿತ್ತು. ಮೂಗಿಗೆ ಹಿಡಿದೆ. ಪಂಡಿತನಿಗೆ ಕಾರಣ ಹೊಳೆದ ಮೇಲೆ ಬಾಯಿ ನಿಲ್ಲುವುದುಂಟೇ?

"ಇದು ಕುದುರಿ ತಪ್ಪಲ್ರಿ ಮಾವ" ಎಂದೆ. "ಕುಸುಬಿ ಎಣ್ಣೆ. ತಿನ್ನಲಿಕ್ಕೆ ಬಂಗಾರ, ಕಬ್ಬಿಣಕ್ಕೆ ಮಾತ್ರ ವೈರಿ. ಗಾಳಿಗೆ ಒಣಗಿ ಸರೇಸು ಅಂಟಿನ ಹಂಗ ಹಿಡಿದದ. ಒಂದು ದಿನ ಚಿಮಣಿ ಎಣ್ಣೆಯಾಗ ಮುಳುಗಿಸಿಟ್ಟರ ಇದೂ ಹೊಸಾದರ ಹಂಗ ಬರತದ."

ಹೇಳಿ ಮುಗಿಸಿದಾಗ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ನಿಂತಿತ್ತು. ಅತ್ತೆ ಬಾಗಿಲಿಗೆ ಬಂದರು.

"ನಾನ ಹಚ್ಚೀನಿ. ಪ್ರತಿ ವರ್ಷ ನಾನ ಹಚ್ಚತೇನಿ. ಹಚ್ಚಬಾರದಿತ್ತೇನು?"

ಆ ದಿನ ಅಂಗಳದಲ್ಲಿ ತಡೆದದ್ದು ಏನೆಂದು ಎಲ್ಲರಿಗೂ ಒಂದೇ ಸಲ ಗೊತ್ತಾಗಿತ್ತು. ಮಾವ ರಿವಾಲ್ವರನ್ನು ನನ್ನ ಕೈಯಿಂದ ತೆಗೆದುಕೊಂಡು, ಕುದುರೆಯ ಮೇಲೆ ಬೆರಳಿಟ್ಟು, ಎಳೆಯದೆ ಬಹಳ ಹೊತ್ತು ಕೂತರು. ನನಗೆ ಭಯವಾಯಿತು, ಸುಳ್ಳೇಕೆ ಹೇಳಲಿ.

ಆಮೇಲೆ ಅವರು ಅತ್ತೆಯ ಕಡೆ ತಿರುಗಲಿಲ್ಲ. ಕಂಬದ ಕಡೆ ತಿರುಗಿದರು.

"ಚೆನ್ನಾ" ಎಂದರು. "ನೀ ಹೇಳಪಾ. ಯಾವ್ದು ಇಟ್ಕೋಲಿ?"

ಕಾಕಾ ಬಶಿಯಲ್ಲಿದ್ದ ಚಹಾ ಪೂರ್ತಿ ಕುಡಿದರು. ಬಶಿ ಕೆಳಗಿಟ್ಟರು. ಅತ್ತೆಯನ್ನು ನಡುವೆ ತರದೆ, ಅಣ್ಣನ ಮುಖ ನೋಡಿ ಹೇಳಿದರು:

"ನನಗ ಹಳೇದ ರೂಢಿ ಆಗ್ಯಾದಣ್ಣ."

ಮೊದಲು ನಕ್ಕವರು ಅತ್ತೆ. ನಂತರ ಮಾವ ನಕ್ಕರು, ನಗುತ್ತ ನಗುತ್ತ ಧೋತರದ ಚುಂಗಿನಿಂದ ಕಣ್ಣು ಒರೆಸಿಕೊಂಡರು. "ಹಳೇದ ಇರಲಿ" ಎಂದರು. "ಚಿಮಣಿ ಎಣ್ಣಿ ಗಿಮಣಿ ಏನೂ ಬ್ಯಾಡ್ರಿ ಅಳಿಯಂದಿರ." ಮಹಾನವಮಿ ಇನ್ನೂ ದೂರವಿತ್ತು, ಆದರೂ ಅತ್ತೆ ಒಳಗಿನಿಂದ ಎಣ್ಣೆಯ ಬಟ್ಟಲು ತಂದು, ರಿವಾಲ್ವರಿನ ಕುದುರೆಗೆ ಬೇಕಾದಷ್ಟು ಸುರಿದು, ಸೆರಗಿನಿಂದ ಕೈ ಒರೆಸಿಕೊಂಡು ರೊಟ್ಟಿಗೆ ಹೋದರು. ಅಷ್ಟು ಒಳ್ಳೆಯ ಪಿಸ್ತೂಲು ಮಾರಾಟಕ್ಕೆ ಹೋಯಿತು. ನನ್ನ ವಿದ್ಯೆಗೆ ಸಂದ ಗೌರವ ಅಷ್ಟೇ.

ಬಾವಿಯ ಜಗಳ ಆಮೇಲೆಯೂ ನಿಲ್ಲಲಿಲ್ಲ. ಆದರೆ ಅಣ್ಣತಮ್ಮಂದಿರು ಅದನ್ನು ನೇರವಾಗಿಯೇ ಆಡತೊಡಗಿದರು, ಅದೂ ಊರಿಗೆಲ್ಲ ಕೇಳುವಂತೆ. ಆ ವರ್ಷದಿಂದ ಕಾಕಾ ತಮ್ಮ ಹೊಲದ ಕುಸುಬಿ ಗಾಣಕ್ಕೆ ಹಾಕಿಸಿ ನಮ್ಮ ಮನೆಗೆ ಒಂದು ಡಬ್ಬಿ ಎಣ್ಣೆ ತಂದುಕೊಡಲು ಶುರುಮಾಡಿದರು. "ಮಾಸ್ತರರು ವಾಸನಿ ನೋಡ್ಲಿ" ಎಂದು ನನ್ನ ಮುಂದೆ ಹಿಡಿಯುವುದು ಅವರ ಪ್ರತಿ ವರ್ಷದ ಚೇಷ್ಟೆ. ಮಾವ ತೊಂಬತ್ತರ ದಶಕದ ಕೊನೆಯಲ್ಲಿ ಹೋದರು. ಅತ್ತೆ ಹೋದರು, ರಿವಾಲ್ವರು ಸರಕಾರಕ್ಕೆ ಹೋಯಿತು. ಎಣ್ಣೆ ಬರುತ್ತಲೇ ಇತ್ತು. ಈ ಬೇಸಗೆಯಲ್ಲಿ ಕಾಕಾ ತೊಂಬತ್ತು ವಯಸ್ಸಿನ ಅಂಚಿನಲ್ಲಿ ಉಂಡು ಮಲಗಿದವರು ಏಳಲಿಲ್ಲ. ಅದಕ್ಕೇ ಶಾಂತಾ ಅಂಗಡಿಗೆ ಹೋಗಬೇಕಾಯಿತು. ಅವರು ಇಲ್ಲವೆಂಬುದು ಆ ಬಾಟಲಿ ಕಂಡಾಗಲೇ ನನಗೆ ಪೂರ್ತಿ ತಿಳಿದದ್ದು. ದುಃಖವಾಯಿತು, ಆದರೆ ಹಾಸಿಗೆಯಲ್ಲಿ ಹೋದರಲ್ಲ ಎಂಬ ಸಮಾಧಾನವೂ ಆಯಿತು.

ನಿನ್ನೆ ಶಾಂತಾ ಅರಿವೆ ಕತ್ತರಿಸಲು ಕೂತಳು. ಕಿಟಕಿಯಲ್ಲಿದ್ದ ಕತ್ತರಿ ತೆಗೆದು, "ಇದು ಯಾಕ ಹಿಂಗಾಗ್ಯಾದ?" ಎಂದಳು. ನಾನು ಇಸಿದುಕೊಂಡು ಬೆರಳು ಹಾಕಿ ಎಳೆದೆ. ಅರ್ಧ ತೆರೆದು ನಿಂತಿತು.

"ಎಣ್ಣೆ ಅಸಲಿ ಅದ" ಎಂದೆ.

ಅವಳು ಕತ್ತರಿಯನ್ನೂ ನನ್ನನ್ನೂ ನೋಡಿದಳು. ಚಿಮಣಿ ಎಣ್ಣೆಯಲ್ಲಿ ಅದ್ದಿಡಲೇ ಎಂದು ಕೇಳಿದೆ. "ಬ್ಯಾಡ, ಹಂಗ ಇರಲಿ ಬಿಡ್ರಿ" ಎಂದು ಅದನ್ನು ಮತ್ತೆ ಕಿಟಕಿಯಲ್ಲಿಟ್ಟು, ಪಕ್ಕದ ಮನೆಗೆ ಕತ್ತರಿ ಕೇಳಲು ಹೋದಳು.