ಅಕ್ಕನ ಎರಡು ಎಕರೆಗೆ ಯಾವ ದ್ರಾಕ್ಷಿ?

ಹಿರೇಕೆರೂರಿನಿಂದ ಹಾನಗಲ್ಲಿಗೆ ಹೋಗುವ ಮೊದಲ ಬಸ್ಸು ನಮ್ಮ ಕಣ್ಣೆದುರೇ ಹೋಯಿತು. ತಪ್ಪು ನನ್ನ ಅಕ್ಕ ನೀಲಕ್ಕನದು. ನಿಲ್ದಾಣದ ಬಾಗಿಲಲ್ಲಿ ಯಾರೋ ಗುರುತಿಲ್ಲದ ಹೆಂಗಸಿಗೆ ರೊಟ್ಟಿ, ಶೇಂಗಾ ಚಟ್ನಿ ಕೊಡುತ್ತ, ಆಕೆಯ ಸೊಸೆಯ ತವರೂರು ಯಾವುದೆಂದು ವಿಚಾರಿಸುತ್ತ ನಿಂತಿದ್ದಳು. ಹೊತ್ತು ತಪ್ಪಿದರೆ ನನಗೆ ಪಿತ್ತ ನೆತ್ತಿಗೇರುತ್ತದೆ. "ಹೋಗ್ಲಿ ಬಿಡೋ ತಮ್ಮಾ, ಹಿಂದ ಇನ್ನೊಂದು ಬರ್ತೈತಿ," ಎಂದಳು. ಬಂತು, ಮುಕ್ಕಾಲು ತಾಸಿನ ಮೇಲೆ.

ಹೊರಟ ಕಾರಣ ಇಷ್ಟು. ನಮ್ಮ ಅವ್ವನ ಪಾಲಿನಿಂದ ಅಕ್ಕನ ಹೆಸರಿಗೆ ಎರಡು ಎಕರೆ ಬಂದಿದೆ, ರಸ್ತೆಯ ಪಕ್ಕದ ಹೊಲ. ವೈನ್ ಮಾಡುವ ಕಂಪನಿಯವರು ಬಂದು ಮಣ್ಣು ನೋಡಿ, ಘಮದ ಬಿಳಿ ದ್ರಾಕ್ಷಿ ಹಚ್ಚಿದರೆ ತಾವೇ ಕೊಳ್ಳುವುದಾಗಿ ಹೇಳಿದ್ದರು. ಮಸ್ಕ್ಯಾಟ್ ಎಂಬುದೊಂದು ತಳಿ, ವಿಯೊನಿಯೇ ಎಂಬುದೊಂದು. ಯಾವುದು ಒಳ್ಳೆಯದೆಂದು ಕೇಳಿದರೆ ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ ಮಾತಾಡಿ, ನಾವು ಹೊರಟ ಆ ದಿನ ಸಂಜೆಯೊಳಗೆ ತಿಳಿಸಬೇಕೆಂದಿದ್ದರು. ಒಮ್ಮೆ ಹಚ್ಚಿದ ಬಳ್ಳಿ ಇಪ್ಪತ್ತು ವರ್ಷ ನಿಲ್ಲುತ್ತದೆ. ಅಕ್ಕನಿಗೆ ಈಗ ಐವತ್ತೆರಡು, ಇನ್ನೊಮ್ಮೆ ಕಿತ್ತು ಹಚ್ಚುವ ಮಾತಿಲ್ಲ. ನಮ್ಮ ಭಾವ, "ಹೊಲಾ ನಿಂದು, ಆರಿಸಾಕಿನೂ ನೀನ," ಎಂದು ಕೈ ತೊಳೆದುಕೊಂಡಿದ್ದರು. ನಮ್ಮ ಮನೆತನದಲ್ಲಿ ವೈನ್ ಕುಡಿದವರಿಲ್ಲ, ಮೂಸಿದವರೂ ಇಲ್ಲ. ಹಾಗಾಗಿ ಎರಡೂ ತಳಿಯ ತೋಟ ಕಂಡು ಬರೋಣವೆಂದು ಫೆಬ್ರವರಿಯ ಮುಂಜಾವಿನ ಚಳಿಯಲ್ಲಿ ಹೊರಟಿದ್ದೆವು.

ಬಸ್ಸಿನಲ್ಲಿ ಅಕ್ಕ ಆಧಾರ್ ಕಾರ್ಡ್ ತೋರಿಸಿ ಸೊನ್ನೆ ರೂಪಾಯಿಯ ಟಿಕೆಟ್ ಪಡೆದಳು. ನನ್ನ ಟಿಕೆಟ್ಟಿಗೆ ಅರವತ್ತು ರೂಪಾಯಿಯ ಮೇಲಾಯಿತು. "ಗಂಡಸಾಗಿ ಹುಟ್ಟೀಯಲ್ಲ, ದಂಡ ಕಟ್ಟು," ಎಂದು ನಕ್ಕಳು. ಹಾನಗಲ್ ಮುಟ್ಟುವಾಗ ಹತ್ತು ಗಂಟೆ. ಭತ್ತ ಕೊಯ್ದ ಗದ್ದೆಗಳ ನಡುವೆ ಆಟೋದಲ್ಲಿ ಹೋಗಿ ಬಸಣ್ಣ ಎಂಬ ರೈತರ ಮಸ್ಕ್ಯಾಟ್ ತೋಟ ಸೇರಿದೆವು.

ತೋಟದೊಳಗೆ ಕಾಲಿಡುವ ಮೊದಲೇ ಘಮ ಬಂತು, ಗುಲ್ಕಂದದ ಡಬ್ಬಿಯ ಮುಚ್ಚಳ ತೆಗೆದ ಹಾಗೆ. ಹಣ್ಣು ಹಳದಿ ಹಸಿರು, ಒಳಗೆ ಬೀಜ. ಅಕ್ಕ ಒಂದು ಹಣ್ಣು ಬಾಯಿಗಿಟ್ಟು ಕಣ್ಣು ಮುಚ್ಚಿದಳು. "ಯವ್ವಾ! ಇದೇನ್ರೀ ಬಸಣ್ಣಾರ, ಹೂವು ತಿಂದಂಗ ಆಗಾಕತ್ತೈತಿ!"

"ಅದ ತ್ರಾಸ್ ನೋಡ್ರಿ ಅಕ್ಕಾರ," ಎಂದರು ಬಸಣ್ಣ. "ಹಕ್ಕಿಗೆ ನೆಟ್ ಹಾಕೇನಿ, ಮಂದಿಗೆ ಏನ್ ಹಾಕ್ಲಿ? ದಾರಿಗೆ ಹೋಗೋರೆಲ್ಲಾ ಒಂದು ಗೊನಿ ಕೊಡ್ರಿ ಅಂತಾರ. ಮ್ಯಾಲ ಅಕಾಲದ ಮಳಿ ಬಿದ್ರ ಗೊನಿ ಕೊಳೀತೈತಿ."

ಬರುವಾಗ ಒಂದು ಬುಟ್ಟಿ ಹಣ್ಣು ಕೊಟ್ಟರು. ಮುಂದೆ ಸವಣೂರಿನ ತೋಟದಲ್ಲಿ ವಿಯೊನಿಯೇ ಪಕ್ಕ ಇಟ್ಟು ಎರಡನ್ನೂ ತಾಳೆ ನೋಡಬೇಕು, ಅಲ್ಲಿಯವರೆಗೆ ಒಂದು ಹಣ್ಣನ್ನೂ ಮುಟ್ಟಕೂಡದು ಎಂದು ಅಕ್ಕನಿಗೆ ತಾಕೀತು ಮಾಡಿದೆ. ಯಾರಿಗೆ ಹೇಳಿದೆನೋ! ಶಿಗ್ಗಾವಿಯ ಬಸ್ಸಿನಲ್ಲಿ ಬುಟ್ಟಿಯ ಘಮ ಎದ್ದದ್ದೇ ತಡ, ಮುಂದಿನ ಸೀಟಿನ ಅಜ್ಜಿ ತಿರುಗಿ ನೋಡಿದರು. ನಮ್ಮ ಕಡೆ ತಿನ್ನುವ ಪದಾರ್ಥ ಕೈಯಲ್ಲಿಟ್ಟುಕೊಂಡು ನೋಡಿದವರಿಗೆ ಕೊಡದಿದ್ದರೆ ಅದು ಮೈಗೆ ಹತ್ತುವುದಿಲ್ಲವೆಂಬ ಮಾತಿದೆ. ಅಕ್ಕನಿಗಂತೂ ಅದು ವ್ರತ. ಅಜ್ಜಿಗೊಂದು ಗೊನೆ ಹೋಯಿತು, ಅವರ ಪಕ್ಕದವರಿಗೊಂದು, ಕಂಡಕ್ಟರಿಗೊಂದು. ನವಿಲುಧಾಮವಿರುವ ಬಂಕಾಪುರದಲ್ಲಿ ಹತ್ತಿದ, ತಲೆಗೆ ಪಟಗ ಸುತ್ತಿದ ಹಿರಿಯರು ನಿಂತುಕೊಂಡೇ ತಿಂದು, "ನಮ್ಮೂರಾಗ ಇದನ್ನ ಹಚ್ಚಿದ್ರ ನವಿಲು ನಿಮಗ ಒಂದು ಹಣ್ಣೂ ಬಿಡೂದಿಲ್ಲ ನೋಡ್ರಿ," ಎಂದು ಬೀಜವನ್ನು ಕಿಟಕಿಯಾಚೆ ಉಗಿದರು.

ಶಿಗ್ಗಾವಿಯಲ್ಲಿ ಇಳಿದಾಗ ಬುಟ್ಟಿಯಲ್ಲಿ ಉಳಿದದ್ದು ಬರೀ ತೊಟ್ಟು. ನನಗೆ ರೇಗಿತು. "ಊರಿಗೆ ಉಪಕಾರಿ, ಮನಿಗೆ ಮಾರಿ! ಇನ್ನ ತಾಳೆ ಹೆಂಗ ನೋಡ್ತಿ?" ಎಂದೆ. "ಮೂಗಿನ್ಯಾಗ ಐತಲ್ಲೋ," ಎಂದು ಅಕ್ಕ ಗಿರಮಿಟ್ಟಿನ ಅಂಗಡಿಗೆ ನಡೆದಳು. ಗಿರಮಿಟ್ಟು, ಎರಡು ಮಿರ್ಚಿ, ಚಹಾ ಹೊಟ್ಟೆಗಿಳಿದ ಮೇಲೆ ನನ್ನ ಸಿಟ್ಟೂ ಇಳಿಯಿತು. ಆದರೆ ನನ್ನ ತೀರ್ಮಾನ ಆಗಿ ಹೋಗಿತ್ತು: ರಸ್ತೆಯ ಪಕ್ಕದ ಹೊಲ, ಇಂಥ ಅಕ್ಕ, ಅದರಲ್ಲಿ ಮಸ್ಕ್ಯಾಟ್ ಎಂದರೆ ಕಂಪನಿಗೆ ಮುಟ್ಟುವುದು ತೊಟ್ಟು ಮಾತ್ರ.

ಸವಣೂರು ಮುಟ್ಟಿದಾಗ ಬಿಸಿಲು ಸುಡುತ್ತಿತ್ತು. ಅಲ್ಲಿಯ ಫಕ್ಕೀರಪ್ಪನವರು ಮೊದಲು ವೀಳ್ಯದೆಲೆ ಬೆಳೆದವರು, ಈಗ ನಾಲ್ಕು ವರ್ಷದಿಂದ ವಿಯೊನಿಯೇ. ಸಾಲುಗಳು ಅಚ್ಚುಕಟ್ಟು, ನೆಟ್ ಇಲ್ಲ, ಕಾವಲಿಲ್ಲ. ನಾನೊಂದು ಹಣ್ಣು ತಿಂದೆ, ಸಿಹಿ ಇತ್ತು ಅಷ್ಟೆ. ಅಕ್ಕ ಮೂಸಿದಳು, ಬೆರಳಲ್ಲಿ ಹಿಚುಕಿ ಮತ್ತೆ ಮೂಸಿದಳು. "ವಾಸನಿ ಎಲ್ಲೈತ್ರೀ?"

"ಈಗ ಭಾಳ ಬರೂದಿಲ್ರಿ ತಂಗೆವ್ವ. ರಸಾ ಹುಳಿ ಬಂದು, ವೈನ್ ಆಗಿ ಬಾಟ್ಲಿ ಸೇರಿದ ಮ್ಯಾಲ ಏಳ್ತೈತಂತ ಅದರ ಘಮಾ. ಕುಡದವರು ಹೇಳ್ತಾರ, ನಾ ಕಂಡಿಲ್ಲ. ಆದ್ರ ಯಾರೂ ಕಳವು ಮಾಡೂದಿಲ್ಲ, ದರಾನೂ ಒಂದೀಟು ಹೆಚ್ಚ."

ನಾನು ಗೆದ್ದೆ ಎಂದುಕೊಂಡೆ. ಬದುವಿನ ಬೇವಿನ ನೆರಳಲ್ಲಿ ಕುಳಿತು ನವಿಲು, ಮಳೆ, ಬಸ್ಸಿನ ಮಂದಿ, ದರ ಎಲ್ಲವನ್ನೂ ಒಂದೊಂದಾಗಿ ಹೇಳಿದೆ. ಫಕ್ಕೀರಪ್ಪನವರೂ ಹೌದೆಂದು ತಲೆಯಾಡಿಸಿದರು. ಅಕ್ಕ ಎಲ್ಲ ಕೇಳಿಸಿಕೊಂಡಳು.

"ನೀ ಹೇಳೂದು ಖರೇನ ಐತಿ," ಎಂದಳು. "ಆದ್ರ ತಮ್ಮಾ, ಇಪ್ಪತ್ತೈದು ವರ್ಷ ಹತ್ತಿ ಬೀಜದ ಹೊಲದಾಗ ಕ್ರಾಸಿಂಗ್ ಮಾಡೇನಿ. ಸಂಜಿಗೆ ಮೊಗ್ಗು ಬಿಡಿಸೂದು, ಮುಂಜಾನೆ ಗಂಡು ಹೂವು ತಂದು ಮುಟ್ಟಿಸೂದು. ಒಂದೊಂದು ಹೂವು ಈ ಕೈಲೆ. ಆ ಬೀಜ ಯಾರ ಹೊಲಕ್ಕ ಹೋತು, ಗಿಡ ಹೆಂಗ ಎದ್ದಿತು, ಒಂದರ ನೋಡೇನೇನು? ಈಗ ಇದೂ ಹಂಗ. ಘಮಾ ಬಾಟ್ಲಿಯೊಳಗ ಏಳ್ತೈತಂತ. ಆ ಬಾಟ್ಲಿ ನಾ ತಗಿಯಾಕಿ ಅಲ್ಲ. ನನ್ನ ಬೆಳಿ ಹೆಂಗ ಘಮಸ್ತೈತಿ ಅಂತ ನನಗ ಗೊತ್ತಾಗದಂಗ ಸಾಯ್ಲೇನು?"

ಇಷ್ಟು ವರ್ಷ ಆಕೆಯ ಕೈಯ ದುಡಿಮೆ ನೋಡಿದ ನನಗೆ ಇದೊಂದು ಹೊಳೆದಿರಲಿಲ್ಲವಲ್ಲ ಎಂದು ನಾಚಿಕೆಯಾಯಿತು. ಫಕ್ಕೀರಪ್ಪನವರು ತಮ್ಮ ಬಳ್ಳಿಗಳತ್ತ ನೋಡಿ, "ಹಚ್ಚೂ ಮೊದಲ ನನಗೂ ಇದನ್ನ ಯಾರರ ಕೇಳಬೇಕಿತ್ತು," ಎಂದರು.

ಹಿಂದಿರುಗುವ ಬಸ್ಸಿಗೆ ಕಾಯುತ್ತ ಕಂಪನಿಯ ಸಾಹೇಬರಿಗೆ ಅಕ್ಕನೇ ಫೋನು ಹಚ್ಚಿದಳು. ಫೋನಿನ ಸದ್ದು ಜೋರಾಗಿದ್ದರಿಂದ ನನಗೂ ಕೇಳಿಸುತ್ತಿತ್ತು. "ಮಸ್ಕ್ಯಾಟ್ ಬರಕೋರಿ, ಎರಡೂ ಎಕರೆಕ್ಕ."

"ಆಯ್ತಮ್ಮ. ಮೊದಲ ಫಸಲಿನ ವೈನ್ ತಯಾರಾದಾಗ ನಿಮಗೊಂದು ಬಾಟಲಿ ಕಳಿಸ್ತೀವಿ," ಎಂದರು ಅವರು.

"ಅದು ನಿಮಗ ಇರ್ಲಿ," ಎಂದಳು ಅಕ್ಕ. "ಕೊಯ್ಯೋ ಮುಂಚಿನ ದಿನಾ ನೀವ ಬರ್ರಿ. ಹೊಲದಾಗ ಕುಂತು ನಾಕು ಹಣ್ಣು ತಿನ್ರಿ. ನನ್ನ ದ್ರಾಕ್ಷಿ ಏನಂತ ನಿಮಗೂ ಗೊತ್ತಾಗ್ಲಿ."