ಹಂಬಿನ ಮೇಲಿಂದ ಹಿಡಿದ ಅಳತೆ

ಯಲ್ಲಯ್ಯನವರ ಅಳತೆ ಅಂದರೆ ನನಗೆ ಕಣ್ಣುಮುಚ್ಚಿ ನಂಬಿಕೆ. ನಾನು ತುಮಕೂರಿನಲ್ಲಿ ಸಸ್ಯಶಾಸ್ತ್ರ ಹೇಳಿಕೊಡುವವಳು. ಕುಣಿಗಲ್ ತಾಲ್ಲೂಕಿನ ಕೊತ್ತಗೆರೆ ಕಡೆಯ ಒಂದು ಗುಡ್ಡದ ಕಾಡಿನಲ್ಲಿ ನಾವು ನಂಬರು ಹಾಕಿದ ಇನ್ನೂರು ಮರಗಳಿವೆ. ಪ್ರತಿ ದೀಪಾವಳಿ ಕಳೆದ ಮೇಲೆ ಅವುಗಳ ಸುತ್ತಳತೆ ಹಿಡಿದು ಕಳಿಸುವುದು ಅದೇ ಊರಿನ ಯಲ್ಲಯ್ಯನವರ ಕೆಲಸ. ತುಮಕೂರಿನ ಬಟವಾಡಿ ಬಡಾವಣೆಯ ಬಾಡಿಗೆ ಮನೆಯಲ್ಲಿ ಕೂತು ಅದನ್ನು ಕಂಪ್ಯೂಟರಿಗೆ ತುಂಬುವುದು ನನ್ನ ಕೆಲಸ.

ಮರ ಗಾಳಿಯಲ್ಲಿರುವ ಇಂಗಾಲವನ್ನು ಕಟ್ಟಿಗೆ ಮಾಡಿಕೊಂಡು ನೂರಾರು ವರ್ಷ ಒಳಗಿಟ್ಟುಕೊಳ್ಳುತ್ತದೆ. ಮರಕ್ಕೆ ಸುತ್ತಿ ಹತ್ತುವ ತೋಳುದಪ್ಪದ ಕಾಡುಬಳ್ಳಿ, ಹಂಬು, ಹಾಗಲ್ಲ. ನಿಲ್ಲಲು ಮರದ ಬೆನ್ನು ಬೇಕು, ಬಿಸಿಲು ಮಾತ್ರ ಪೂರಾ ತನಗೇ ಬೇಕು. ಹಂಬು ಹತ್ತಿದ ಮರ ಬೆಳೆಯುವುದು ನಿಧಾನ, ಸಾಯುವುದು ಬೇಗ. ಬಿದ್ದು ಕೊಳೆತರೆ ಕೂಡಿಟ್ಟ ಇಂಗಾಲ ಮತ್ತೆ ಗಾಳಿಗೆ. ಅದಕ್ಕೇ ನಮ್ಮದೊಂದು ಕಟ್ಟುನಿಟ್ಟು: ಹಂಬನ್ನು ಸ್ವಲ್ಪ ಎತ್ತಿ ಟೇಪನ್ನು ಅದರ ಅಡಿಯಿಂದ ಹಾಯಿಸಬೇಕು, ಮರವನ್ನು ಮಾತ್ರ ಅಳೆಯಬೇಕು.

ಒಂದೇ ಒಂದು ಮರ ನನ್ನ ಓದನ್ನು ಸುಳ್ಳು ಮಾಡಿತ್ತು. ನಲವತ್ತೊಂದನೇ ನಂಬರಿನ ತಾರೆಮರ. ಮೈತುಂಬ ಹಂಬಿದ್ದರೂ ಎಂಟು ವರ್ಷದಿಂದ ದಪ್ಪವಾಗುತ್ತಲೇ ಇತ್ತು. ಅದರ ಬಗ್ಗೆ ಎರಡು ಕಡೆ ಭಾಷಣ ಮಾಡಿ ಚಪ್ಪಾಳೆ ಗಿಟ್ಟಿಸಿದ್ದೆ. ಒಮ್ಮೆಯೂ ಹೋಗಿ ಮುಟ್ಟಿ ನೋಡಿರಲಿಲ್ಲ. ದೊಡ್ಡ ಪಂಡಿತೆ ನಾನು.

ಈ ವರ್ಷ ಅರ್ಧ ಮರಗಳ ಹಂಬು ಕಡಿಸಿ ನೋಡೋಣವೆಂದು ಚೀಟಿ ಎತ್ತಿದೆವು. ಕಡಿಯುವ ಪಟ್ಟಿಗೆ ನಲವತ್ತೊಂದೂ ಬಂತು. ನಂಬರು ಹೇಳಿದಾಗ ಯಲ್ಲಯ್ಯ ಫೋನಿನಲ್ಲಿ, “ಅದೊಂದ್ ಬುಟ್ಬುಡಿ ಮೇಡಮ್” ಎಂದರು. ಅದೊಂದೇ ಏಕೆಂದು ನೋಡಲು ಮಾರನೆಯ ಬೆಳಿಗ್ಗೆಯೇ ಹೊರಟುಹೋದೆ.

ಮರದ ಹತ್ತಿರ ಅವರ ಹೆಂಡತಿ ಹನುಮಂತಮ್ಮನೂ ಬಂದಿದ್ದರು. ಹಂಬಿಗೆ ಎದೆಮಟ್ಟದಲ್ಲಿ ಹಸಿರು ಗಾಜಿನ ಬಳೆಗಳನ್ನು ಕಟ್ಟಲಾಗಿತ್ತು. ಕಟ್ಟಿದ ದಾರ ತೊಗಟೆಯೊಳಗೆ ಇಳಿದುಹೋಗಿತ್ತು.

“ನಮ್ ಮಗಳು ಪ್ರಮೀಳಂದು,” ಎಂದರು ಯಲ್ಲಯ್ಯ. “ಡೆಂಗಿ ಜ್ವರದಲ್ಲಿ ಹೋದ್ಲು, ಹದಿನಾರ್ ವರ್ಷಕ್ಕೆ. ಮದ್ವೆ ಆಗ್ದಿರೋ ಹೆಣ್ಮಗ ಹೋದ್ರೆ ನಮ್ ಮನೆತನದಲ್ಲಿ ಬಳೆ ಹಂಬಿಗೆ ತೊಡಿಸ್ತೀವಿ. ಆಮೇಲೆ ಆ ಹಂಬು ಅವಳೇಯ. ಯಾರೂ ಎಳೆಯಂಗಿಲ್ಲ, ಎತ್ತಂಗಿಲ್ಲ. ಟೇಪ್ನ ಹಂಬಿನ ಮೇಲಿಂದ್ಲೇ ಹಿಡ್ದೆ ಮೇಡಮ್, ಎಂಟು ವರ್ಷನೂವೆ. ಮುಟ್ಟಿದ್ರೆ ಬೆಚ್ಚಗಿರ್ತಾಳೆ.”

ಗಾಳಿಯಿರಲಿಲ್ಲ. ಬಳೆ ಸದ್ದಾಯಿತು. ವಿಜ್ಞಾನ ಹೇಳುವವಳು ನಾನು, ಹಾಡಹಗಲಲ್ಲಿ ಒಂದು ಹೆಜ್ಜೆ ಹಿಂದೆ ಸರಿದೆ.

ಬಿಟ್ಟು ವಾಪಸು ಹೋಗಬಹುದಿತ್ತು. ಆದರೆ ತಲೆಯೆತ್ತಿದರೆ ಮರದ ನೆತ್ತಿ ಒಣಗಿತ್ತು, ಮೇಲಿದ್ದ ಹಸಿರೆಲ್ಲ ಹಂಬಿನದೇ. ಇದ್ದದ್ದನ್ನು ಹೇಳಿದೆ. “ಕಡಿಯದಿದ್ದರೆ ಮರ ಹೆಚ್ಚು ದಿನ ಬಾಳಲ್ಲ. ಕಡಿಯೋದು ಬಿಡೋದು ನಿಮಗೇ ಬಿಟ್ಟಿದ್ದು.”

ಮಾತಾಡಿದ್ದು ಹನುಮಂತಮ್ಮ. “ಇವ್ರು ಅಳತೆ ಮಾಡ್ಕೊಂಡ್ ಮನೆಗ್ ಬಂದು, ಮಗಳು ಈ ವರ್ಷ ಇಷ್ಟ್ ಬೆಳೆದವ್ಳೆ ಕಣೇ ಅಂತಿದ್ರು. ನಾನೂ ಹೂಂ ಅಂತಿದ್ದೆ ಕಣಮ್ಮ.” ಆಮೇಲೆ ಗಂಡನ ಕಡೆ ತಿರುಗಿದರು. “ಸಾಕು. ಮಗಳ ಕೈಲಿ ಈ ಮರದ್ ಜೀವ ತೆಗೆಸ್ಬೇಡಿ.”

ಮಚ್ಚನ್ನು ಯಲ್ಲಯ್ಯ ಬೇರೆಯವರಿಗೆ ಕೊಡಲಿಲ್ಲ. ಮೂರೇ ಏಟು. ಕಡಿದ ಬಾಯಿಂದ ನೀರು ಧಾರೆಯಾಗಿ ಸುರಿಯಿತು. ಅದು ನಿಲ್ಲುವವರೆಗೂ ಅಂಗೈ ಒಡ್ಡಿ ನಿಂತಿದ್ದರು. ಆಮೇಲೆ ಟೇಪನ್ನು ಬರೀ ಮರಕ್ಕೆ ಸುತ್ತಿದರು. ಮೊದಲ ವರ್ಷದ ಅಂಕಿಗಿಂತಲೂ ಕಡಿಮೆ ಇತ್ತು. ಅವರು ಟೇಪನ್ನು ನನ್ನ ಕಡೆ ತಿರುಗಿಸಿದರು, ನಾನೇ ಬಗ್ಗಿ ನೋಡಿ ಬರೆದುಕೊಂಡೆ. ನನಗೆ ಅಳು ಬಂತು.

ಹನುಮಂತಮ್ಮ ಮೇಲೆ ನೋಡುತ್ತಿದ್ದರು. ಬುಡ ಕಡಿದದ್ದು ಹಂಬಿನ ನೆತ್ತಿಗೆ ಇನ್ನೂ ಗೊತ್ತಾಗಿರಲಿಲ್ಲ, ಎಲೆಗಳು ಹಸಿರಾಗಿಯೇ ಇದ್ದವು.

“ಇನ್ನೆಷ್ಟು ದಿನ ಇರ್ತಾಳಮ್ಮ?” ಎಂದು ಕೇಳಿದರು.

ಹೆಚ್ಚೆಂದರೆ ಒಂದು ವಾರ. “ಗೊತ್ತಿಲ್ಲ” ಎಂದೆ.