ಫ್ರಿಡ್ಜ್ ಬಾಗಿಲಿನ ಚೀಟಿ

ಫ್ರಿಡ್ಜ್ ಬಾಗಿಲಿನ ಚೀಟಿಯನ್ನು ಮುಚ್ಚಿದ್ದು ನಾನೇ. ಅದರಲ್ಲಿ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡ ಒಬ್ಬ ಬಸುರಿಯ ಚಿತ್ರವಿತ್ತು, ಕೆಳಗೆ ಫೋನ್ ನಂಬರಿತ್ತು. ಕೂಸು ಆಡುವುದು ಕಮ್ಮಿಯಾದರೆ ಹೊತ್ತು ಗೊತ್ತು ನೋಡದೆ ಈ ನಂಬರಿಗೆ ಫೋನ್ ಮಾಡಬೇಕು ಎಂದು ನನ್ನ ತಂಗಿ ಓದಿ ಹೇಳಿದ್ದಳು. ಅದರ ಮೇಲೆ, ಯಾವ ವಾರ ಯಾವ ಬಣ್ಣದ ಕಸದ ಡಬ್ಬಿ ಹೊರಗಿಡಬೇಕು ಎಂದು ಊರಿನ ಕೌನ್ಸಿಲ್‌ನವರು ಕೊಟ್ಟ ಕ್ಯಾಲೆಂಡರನ್ನು ಎಳೆದು ಮ್ಯಾಗ್ನೆಟ್ ಒತ್ತಿದೆ. ತಂಗಿಯ ಹೊಟ್ಟೆಯೊಳಗಿನ ಕೂಸು ಸುಮ್ಮನಾಗಿ ಆಗಲೇ ಒಂದು ದಿನವಾಗಿತ್ತು. ಹಾಗೆ ಸುಮ್ಮನಾದರೆ ಏನಾಗಬಹುದು ಎಂದು ಅನುಭವಿಸಿ ತಿಳಿದವಳು ಆ ಮನೆಯಲ್ಲಿ ನಾನೊಬ್ಬಳೇ. ನಾನು ಹೇಳಲಿಲ್ಲ.

ನಮ್ಮದು ಕಾಡಂಚಿನ ಹಾಡಿ. ಅಜ್ಜಿಯ ಕಾಲದಲ್ಲಿ ಕಾಡಿನ ಒಳಗೇ ಇತ್ತು. ಹುಲಿಗೆ ಜಾಗ ಬೇಕೆಂದು ಎಬ್ಬಿಸಿ ರಸ್ತೆ ಬದಿಗೆ ತಂದು ಕೂರಿಸಿದರು. ನಾನು ಆಶ್ರಮ ಶಾಲೆಯಲ್ಲಿ ನಾಲ್ಕನೇ ಕ್ಲಾಸಿನವರೆಗೆ ಓದಿದೆ. ಅವ್ವ ತೀರಿಕೊಂಡ ಮೇಲೆ ತಂಗಿಯನ್ನು ನೋಡಿಕೊಳ್ಳುವವರು ಬೇಕಿತ್ತು, ಬಿಟ್ಟೆ. ಅವಳು ಬಿಡಲಿಲ್ಲ. ನರ್ಸಿಂಗ್ ಮುಗಿಸಿ, ಮೈಸೂರಿನಲ್ಲಿ ಕೆಲಸ ಮಾಡಿ, ಆಮೇಲೆ ನಾಟಿಂಗ್‌ಹ್ಯಾಮಿನ ಯೂನಿವರ್ಸಿಟಿಗೆ ಸಂಶೋಧನೆಗೆಂದು ಬಂದಳು. ಅವಳ ಸಂಶೋಧನೆ ನಮ್ಮ ಮೇಲೆಯೇ. ಹಾಡಿಯ ಹೆಂಗಸರು ಹೆರಿಗೆಗೆ ಆಸ್ಪತ್ರೆಗೆ ಹೋಗಲು ಯಾಕೆ ಹಿಂಜರಿಯುತ್ತಾರೆ, ಹೋದವರನ್ನು ಅಲ್ಲಿ ಹೇಗೆ ನೋಡುತ್ತಾರೆ, ಏನು ಬದಲಾದರೆ ನಮ್ಮವರು ಧೈರ್ಯವಾಗಿ ಹೋದಾರು. ಇದನ್ನು ಕೇಳಲು ಎರಡು ವರ್ಷದ ಹಿಂದೆ ಅವಳು ಕೈಯಲ್ಲೊಂದು ಪುಟ್ಟ ರೆಕಾರ್ಡರ್ ಹಿಡಿದು ಹಾಡಿಯ ಮನೆ ಮನೆಯಲ್ಲೂ ಕೂತಳು. ಕೊನೆಗೆ ನನ್ನ ಮುಂದೆ ಕೂತಳು.

ನನ್ನ ಮೊದಲನೇ ಕೂಸು ಸತ್ತೇ ಹುಟ್ಟಿತ್ತು. ಅದನ್ನು ಕೇಳಿದಳು. ನಾನು ರೆಕಾರ್ಡರಿಗೆ ಹೀಗೆ ಹೇಳಿದೆ: ನೋವು ಬಂದ ತಕ್ಷಣ ಆಸ್ಪತ್ರೆಗೆ ಹೋದೆವು, ಬಾಗಿಲ ಹತ್ತಿರ ಕೂರಿಸಿದರು, ಬೆಳಗಿಂದ ಸಂಜೆವರೆಗೆ ಯಾರೂ ಮುಟ್ಟಿ ನೋಡಲಿಲ್ಲ, ಕೂಸು ಒಳಗೇ ಹೋಯಿತು. ತಂಗಿ ಅತ್ತಳು. ಆ ಮಾತನ್ನು ತನ್ನ ಸಂಶೋಧನೆಯ ಮೊದಲ ಪುಟದಲ್ಲಿ ಬರೆದುಕೊಂಡಿದ್ದೇನೆ ಎಂದು ಆಮೇಲೊಂದು ದಿನ ಫೋನಿನಲ್ಲಿ ಹೇಳಿದಳು.

ಬಾಗಿಲ ಹತ್ತಿರ ಕೂರಿಸಿದ್ದು ನಿಜ. ಉಳಿದದ್ದು ನಿಜವಲ್ಲ. ನಾವು ಹೋಗುವ ಹೊತ್ತಿಗೆ ಕೂಸು ಸುಮ್ಮನಾಗಿ ಮೂರು ದಿನವಾಗಿತ್ತು. ಏಳನೇ ತಿಂಗಳಲ್ಲಿ ಒಮ್ಮೆ ತೋರಿಸಲು ಹೋಗಿದ್ದಾಗ ಅಲ್ಲಿನ ನರ್ಸಮ್ಮ ಸೆರಗಿನಿಂದ ಮೂಗು ಮುಚ್ಚಿಕೊಂಡು, "ಸೀದಾ ಕಾಡಿಂದ ಎದ್ ಬಂದ್ಯಾ? ಹೋಗು, ಮೈ ತೊಳ್ಕೊಂಡ್ ಬಾ" ಎಂದು ಸಾಲಿನಲ್ಲಿದ್ದವರೆಲ್ಲ ನಗುವಂತೆ ಅಂದಿದ್ದಳು. ನಾನು ಮಿಂದೇ ಹೋಗಿದ್ದೆ. ಮತ್ತೆ ಆ ಬಾಗಿಲಿಗೆ ಹೋಗಲು ಮನಸ್ಸು ಬರಲಿಲ್ಲ. ಅತ್ತೆಯೂ, "ಕೂಸು ಹುಟ್ಟೋ ದಾರಿ ನೋಡ್ಕೋತಾ ಅದೆ, ಸುಮ್ಕಿರು. ಹೊರಗೆ ಬಾಯ್ಬಿಟ್ರೆ ದಾರಿ ತಪ್ತದೆ" ಎಂದರು. ನಮ್ಮ ಮನೆಯಲ್ಲಿ ಹಾಗೆ. ಬಸುರಿಯ ವಿಷಯದಲ್ಲಿ ಕೆಟ್ಟ ಮಾತು ಹೊಸಿಲು ದಾಟಬಾರದು, ಮನೆಯ ಹಿರಿಯ ಹೆಂಗಸು ಹೇಳಿದ್ದೇ ಆಗಬೇಕು. ಮೂರು ದಿನ ಕೂತೆ. ನಾಲ್ಕನೇ ದಿನ ಹೋದೆ.

ಈ ಮೂರು ದಿನವನ್ನು ನಾನು ತಂಗಿಗೆ ಹೇಳಿರಲಿಲ್ಲ. ಯಾರಿಗೂ ಹೇಳಿರಲಿಲ್ಲ.

ಅವಳ ಹೆರಿಗೆಗೆ ಎರಡು ತಿಂಗಳಿರುವಾಗ ನಾನು ಆರು ತಿಂಗಳ ವೀಸಾದಲ್ಲಿ ಬಂದೆ. ನಾಟಿಂಗ್‌ಹ್ಯಾಮಿನ ಪಕ್ಕದ ಬೀಸ್ಟನ್ನಿನಲ್ಲಿ, ಟ್ರಾಮ್ ಹೋಗುವ ಬೀದಿಯ ಹಿಂದೆ ಸಣ್ಣ ಮನೆ. ಅವಳ ಗಂಡನೂ ನರ್ಸ್, ಕೆಲಸ ದೂರದ ಲೀಡ್ಸ್‌ನಲ್ಲಿ. ಪಾಳಿಯಲ್ಲಿ ರಜೆ ಸಿಕ್ಕಿದಾಗ ಮಾತ್ರ ಬರುತ್ತಿದ್ದ. ನಾನು ಮುದ್ದೆ ಮಾಡುತ್ತಿದ್ದೆ, ಬಟ್ಟೆ ಒಗೆಯುತ್ತಿದ್ದೆ. ಅವಳು ಮುಂದಿನ ಕೋಣೆಯಲ್ಲಿ ಲ್ಯಾಪ್‌ಟಾಪಿನ ಮುಂದೆ ಕೂತು ಆ ರೆಕಾರ್ಡಿಂಗುಗಳನ್ನು ಕೇಳಿ ಕೇಳಿ ಟೈಪ್ ಮಾಡುತ್ತಿದ್ದಳು. ಅಡಿಗೆಮನೆಯಲ್ಲಿ ನಿಂತರೆ ನಮ್ಮ ಹಾಡಿಯ ಹೆಂಗಸರ ದನಿ ಬರುತ್ತಿತ್ತು, ಹಿಂದೆ ನಾಯಿ ಬೊಗಳುವುದೂ ಕೇಳುತ್ತಿತ್ತು. ಕಿಟಕಿಯಾಚೆ ಮಾತ್ರ ಒದ್ದೆ ಇಟ್ಟಿಗೆ ಗೋಡೆ, ನಾಲ್ಕು ಗಂಟೆಗೇ ಕತ್ತಲು. ಒಂದು ದಿನ ನನ್ನ ದನಿಯೇ ಬಂತು. "ನೋವು ಬಂದ ತಕ್ಷಣ ಹೋದ್ವಿ." ತಂಗಿ ನಿಲ್ಲಿಸಿದಳು, ಹಿಂದಕ್ಕೆ ಹೋದಳು, ಮತ್ತೆ ಹಾಕಿದಳು. "ನೋವು ಬಂದ ತಕ್ಷಣ ಹೋದ್ವಿ." ಮೂರು ಸಲ. ನಾನು ನಲ್ಲಿ ಜೋರಾಗಿ ತಿರುಗಿಸಿದೆ.

ಅದಾಗಿ ವಾರವಿರಬಹುದು, ಶುಕ್ರವಾರ ಬೆಳಿಗ್ಗೆ ಅವಳು ಅಡಿಗೆಮನೆಗೆ ಬಂದು ಕುರ್ಚಿ ಎಳೆದುಕೊಂಡಳು.

"ಅಕ್ಕಾ, ಇದು ಯಾಕೋ ಎದ್ದಾಗಿಂದ ಸುಮ್ನಿದೆ."

"ಮಲ್ಗಿರ್ತದೆ ಬಿಡು. ರಾತ್ರಿಯೆಲ್ಲಾ ನಿನ್ ಜೊತೆ ಎದ್ದಿರ್ಲಿಲ್ವಾ?"

"ಫೋನ್ ಮಾಡ್ಲಾ?"

"ಹೋದ್ ತಿಂಗ್ಳು ಹಿಂಗೇ ಅಂತ ಓಡ್ಹೋದ್ಯಲ್ಲ, ಏನಂದ್ರು? ಚೆನ್ನಾಗದೆ, ಮನೆಗ್ ಹೋಗು ಅಂದ್ರು."

"ಮತ್ತೆ ಅನ್ಸಿದ್ರೆ ಮತ್ತೆ ಬಾ ಅಂತಾನೂ ಅಂದ್ರು ಕಣಕ್ಕಾ."

"ಹೋದ್ರೆ ಈ ಸಲ ಮಲಗ್ಸಿ ಕುಯ್ತಾರೆ ಅಷ್ಟೆ. ನನ್ ಮಗ್ಳೂ ಹುಟ್ಟೋಕ್ ಮುಂಚೆ ಹಿಂಗೇ ಸುಮ್ನಾಗಿದ್ಲು. ಕೂಸು ದಾರಿ ನೋಡ್ಕೋತದೆ ಆವಾಗ."

ಅವಳು ನನ್ನ ಮುಖ ನೋಡಿ ನಕ್ಕಳು. "ಹಾಡಿ ಹೆಂಗಸ್ರ ಮಾತ್ ಕೇಳಿ, ನಂಬಿ ಅಂತ ಇನ್ನೂರ್ ಪುಟ ಬರೀತಾ ಇದೀನಿ. ನಿನ್ ಮಾತ್ ನಾನೇ ನಂಬ್ದೆ ಇದ್ರೆ ಹೆಂಗೆ?"

ಆ ಮೊದಲನೇ ಕೂಸಿನ ಆಮೇಲೆ ಹೊಟ್ಟೆಗೆ ಬಂದ ನನ್ನ ಮಗಳು ಹುಟ್ಟುವ ದಿನದವರೆಗೂ ಒಂದು ಗಳಿಗೆ ಸುಮ್ಮನಿದ್ದವಳಲ್ಲ. ಪಕ್ಕೆಗೆ ಒದ್ದು ಒದ್ದು ಉಸಿರು ಕಟ್ಟಿಸುತ್ತಿದ್ದಳು. ಈಗಲೇ ಹೊರಡು ಎಂದರೆ, ನಿಂಗೆ ಹೇಗೆ ಗೊತ್ತು ಎಂದು ಕೇಳುತ್ತಾಳೆ ಅನ್ನುವುದೊಂದೇ ನನ್ನ ತಲೆಯಲ್ಲಿತ್ತು. ಕೇಳಿದರೆ ಮೊದಲ ಪುಟ ಸುಳ್ಳಾಗುತ್ತದೆ. ಅವಳು ಅತ್ತದ್ದು ಸುಳ್ಳಿಗೆ ಅತ್ತ ಹಾಗಾಗುತ್ತದೆ. ಸಂಜೆಯೊಳಗೆ ಆಡಿದರೂ ಆಡಬಹುದು ಎಂದು ನಾನು ಒಲೆಯ ಕಡೆ ತಿರುಗಿಕೊಂಡೆ.

ಶನಿವಾರ ಬೆಳಿಗ್ಗೆ ಅವಳು ತಣ್ಣೀರು ಕುಡಿದಳು, ಸಕ್ಕರೆ ತಿಂದಳು, ಎಡ ಮಗ್ಗುಲಿಗೆ ಮಲಗಿ ನೋಡಿದಳು. ಎದ್ದು ಎದ್ದು ಫ್ರಿಡ್ಜಿನ ಹತ್ತಿರ ಹೋಗುತ್ತಿದ್ದಳು. ಬಾಗಿಲು ತೆರೆಯದೆ ಚೀಟಿಯ ಮುಂದೆ ನಿಲ್ಲುತ್ತಿದ್ದಳು. ಅವಳು ಸ್ನಾನಕ್ಕೆ ಹೋದಾಗ ನಾನು ಕ್ಯಾಲೆಂಡರನ್ನು ಅದರ ಮೇಲೆ ತಂದೆ. ಬಂದು ನೋಡಿ ಏನಾದರೂ ಕೇಳುತ್ತಾಳೆ ಎಂದು ಕಾದೆ. ಅವಳು ಹಾಲು ತೆಗೆದುಕೊಂಡು, "ಸೋಮವಾರ ಹಸಿರು ಡಬ್ಬಿ" ಅಂದಳು, ಅಷ್ಟೆ.

ಮಧ್ಯಾಹ್ನ ಸೋಫಾದಲ್ಲಿ ನನ್ನ ಕೈ ಹಿಡಿದು ಹೊಟ್ಟೆಯ ಮೇಲೆ ಇಟ್ಟುಕೊಂಡಳು. ಬಿಗಿಯಾಗಿತ್ತು. ಕೆಳಗೆ ಏನೂ ಇಲ್ಲ. ನೀರು ನಿಂತ ಹಾಗೆ. ಹೊರಗೆ ಟ್ರಾಮ್ ಗಂಟೆ ಬಾರಿಸಿಕೊಂಡು ಹೋಯಿತು, ಅದರ ನಡುಕವಷ್ಟೇ ನೆಲದಿಂದ ನನ್ನ ಕಾಲಿಗೆ ಬಂತು.

"ಆಡ್ತಲ್ವಾ ಈಗ?" ಅಂದಳು.

"ಹೂಂ," ಅಂದೆ. "ಆಡ್ತು."

ಅವಳು ಕಣ್ಣು ಮುಚ್ಚಿಕೊಂಡಳು. ನಾನು ಕೈ ತೆಗೆಯಲಿಲ್ಲ. ತೆಗೆದರೆ ಗೊತ್ತಾಗಿಬಿಡುತ್ತದೆ ಅನ್ನಿಸಿತು.

ಭಾನುವಾರ ಮಧ್ಯಾಹ್ನ ಧಾರವಾಡದ ಡಾಕ್ಟರಮ್ಮ ಬಂದರು. ಎರಡು ಬೀದಿಯಾಚೆ ಅವರ ಮನೆ, ಇಲ್ಲಿನವರು ಜಿಪಿ ಅನ್ನುವ ಬಡಾವಣೆಯ ಡಾಕ್ಟರ್ ಕೆಲಸ. ತಿಂಗಳಿಗೊಮ್ಮೆ ಏನಾದರೂ ಮಾಡಿಕೊಂಡು ತರುತ್ತಿದ್ದರು. ಒಳಗೆ ಬರುತ್ತಲೇ ಬಾಯಿ ಮಾಡಿದರು.

"ಏನವಾ ಹೆಣ್ಮಗಳ, ಮಾರಿ ಹಿಂಗ್ಯಾಕ ಬಾಡೇತಿ? ಅಕ್ಕಾರು ಉಪಾಸ ಕೆಡವ್ಯಾರೇನು?"

"ಮುದ್ದೆ ತಿನ್ಸಿ ತಿನ್ಸಿ ಸಾಯಿಸ್ತಾ ಇದಾಳೆ, ಆಂಟಿ."

"ತಿನ್ನು ತಿನ್ನು. ಹಡದ ಮ್ಯಾಲೆ ಕುಂತು ಉಣ್ಣಾಕ ಯಾರು ಬಿಡ್ತಾರ? ಇವನ್ನ ಒಳಗ ಇಡ್ತೀನಿ, ಜುಣಕದ ವಡಿ. ನಾಳೆ ನಿಮ್ಮ ಓಣ್ಯಾಗ ಯಾವ ಡಬ್ಬಿ? ನಮ್ಮ ಮನಿಯವ್ರು ಆ ಹಾಳಿ ಎಲ್ಲೋ ಕಳದಾರ."

ಅನ್ನುತ್ತಲೇ ಕ್ಯಾಲೆಂಡರ್ ಹಿಡಿದು ಎತ್ತಿದರು. ಮ್ಯಾಗ್ನೆಟ್ ಕೆಳಗೆ ಬಿದ್ದು ಉರುಳಿತು. ಹಿಂದೆ ಆ ಹೆಂಗಸಿನ ಚಿತ್ರ.

"ಅಯ್ಯ, ಇದನ್ಯಾಕ ಮುಚ್ಚೀರಿ? ಇದು ಕಾಣೂಹಂಗ ಇರಬೇಕಲ್ಲ." ಇನ್ನೂ ನಗುತ್ತಲೇ ಇದ್ದರು. ಆಮೇಲೆ ತಿರುಗಿ ತಂಗಿಯನ್ನು ನೋಡಿದರು. "ಕೂಸು ಛಲೋ ಆಡಾಕತ್ತೈತಿಲ್ಲೋ?"

ತಂಗಿ ಎರಡೂ ಕೈಯಲ್ಲಿ ಹೊಟ್ಟೆ ಹಿಡಿದುಕೊಂಡಳು.

"ಯಾವಾಗಿಂದ?"

"ಶುಕ್ರವಾರ."

ಡಾಕ್ಟರಮ್ಮ ಬೈಯುತ್ತಾರೆ ಎಂದುಕೊಂಡೆ. ಬೈಯಲಿಲ್ಲ. ವಡಿಯ ಡಬ್ಬಿಯನ್ನು ಅಲ್ಲೇ ನೆಲದ ಮೇಲಿಟ್ಟು ಕಾರಿನ ಕೀ ತೆಗೆದರು. "ಶಾಲು ಹೊದಕೋ. ನಡೀ." ತಂಗಿಗೆ ಬಗ್ಗಲು ಆಗುತ್ತಿರಲಿಲ್ಲ. ನಾನು ಮೊಣಕಾಲೂರಿ ಅವಳಿಗೆ ಶೂ ಹಾಕಿದೆ. ಅವಳು ಮೇಲಿನಿಂದ ಮೆಲ್ಲಗೆ ಕೇಳಿದಳು. "ಮುಚ್ಚಿದ್ ನೀನಾ?" ನಾನು ತಲೆ ಎತ್ತದೆ ಲೇಸು ಕಟ್ಟಿದೆ.

ಆಸ್ಪತ್ರೆಯಲ್ಲಿ ಯಾರೂ ಮೂಗು ಮುಚ್ಚಿಕೊಳ್ಳಲಿಲ್ಲ. ಹೆರಿಗೆ ನೋಡುವ, ಇಲ್ಲಿ ಮಿಡ್‌ವೈಫ್ ಅನ್ನುವ ನರೆಗೂದಲಿನ ನರ್ಸ್ ಒಬ್ಬಳು ತಂಗಿಯ ಭುಜ ಹಿಡಿದು ಕೂರಿಸಿದಳು, ನನಗೂ ಕುರ್ಚಿ ಎಳೆದು ಕೊಟ್ಟಳು. "ಬಂದದ್ದು ಛಲೋ ಮಾಡೀರಿ ಅಂತಾಳ," ಎಂದು ಡಾಕ್ಟರಮ್ಮ ನನಗೆ ತಿಳಿಸಿದರು. ಎದೆಬಡಿತ ಅಳೆಯುವ ಯಂತ್ರದ ಎರಡು ಬೆಲ್ಟು ಹೊಟ್ಟೆಗೆ ಕಟ್ಟಿದರು. ಹೋದ ತಿಂಗಳು ಬಂದಾಗ ಇದೇ ಯಂತ್ರದಲ್ಲಿ ಕೂಸಿನ ಎದೆಬಡಿತ ಏರುತ್ತಾ ಇಳಿಯುತ್ತಾ ಇತ್ತು, ಕಾಗದದ ಮೇಲೆ ಗುಡ್ಡದ ಸಾಲಿನ ಹಾಗೆ ಗೆರೆ ಬಂದಿತ್ತು ಎಂದು ತಂಗಿ ಹೇಳಿದ್ದಳು. ಈಗ ಬಡಿತ ಇತ್ತು, ಆದರೆ ಗೆರೆ ಚಪ್ಪಟೆ. ಅದು ಒಮ್ಮೆ ಕೆಳಗೆ ಇಳಿಯಿತು. ತುಂಬಾ ಹೊತ್ತು ಮೇಲೆ ಬರಲಿಲ್ಲ. ಮಿಡ್‌ವೈಫ್ ತಂಗಿಯ ಜೊತೆ ಮೃದುವಾಗಿ ಮಾತಾಡುತ್ತಲೇ ಹಿಂದಕ್ಕೆ ಕೈ ಚಾಚಿ ಗೋಡೆಯ ಮೇಲಿನ ಗುಂಡಿ ಒತ್ತಿದಳು. ಕೋಣೆ ತುಂಬಾ ಜನ ಬಂದರು. ಒಬ್ಬಳು ತಂಗಿಯ ಬಳೆಗಳನ್ನು ಬಿಚ್ಚಿ ನನ್ನ ಕೈಗೆ ಕೊಟ್ಟಳು. ಮಂಚವನ್ನೇ ಆಪರೇಷನ್ ಕೋಣೆಗೆ ತಳ್ಳಿಕೊಂಡು ಹೋದರು.

ಹೆಣ್ಣು ಕೂಸು. ಅಳಲಿಲ್ಲ.

"ಮಿದುಳಿಗೆ ಉಸುರು ಕಮ್ಮಿ ಬಿದ್ದೈತಿ," ಅಂದರು ಡಾಕ್ಟರಮ್ಮ. "ಮಿದುಳು ಮತ್ತ ಕೆಡಬಾರದಂತ ಮೂರು ದಿವಸ ಮೈ ತಣ್ಣಗ ಇಡ್ತಾರ. ಆಮ್ಯಾಲೆ ಸಾವಕಾಶ ಬೆಚ್ಚಗ ಮಾಡ್ತಾರ. ಏನು ಉಳದೈತಿ, ಏನು ಹೋಗೇತಿ, ಆವಾಗ ಗೊತ್ತಾಗೂದು. ಆವಾಗೂ ಪೂರಾ ಗೊತ್ತಾಗೂದಿಲ್ಲ."

ನಮ್ಮಲ್ಲಿ ಹುಟ್ಟಿದ ಕೂಸನ್ನು ಬೆಂಕಿಯ ಹತ್ತಿರ ಮಲಗಿಸುತ್ತೇವೆ. ಬಾಣಂತಿಮನೆಯ ಕೆಂಡ ಆರಬಾರದು, ಮನೆಯವರು ಸರದಿಯಲ್ಲಿ ಕೂತು ಕಾಯುತ್ತಾರೆ. ಇಲ್ಲಿ ತಣ್ಣೀರು ಹರಿಯುವ ಹಾಸಿನ ಮೇಲೆ, ಬಟ್ಟೆಯಿಲ್ಲದೆ, ಮೈತುಂಬಾ ವೈರುಗಳ ನಡುವೆ ಅದನ್ನು ಮಲಗಿಸಿದ್ದರು. ನರ್ಸ್ ಸನ್ನೆ ಮಾಡಿ ಮುಟ್ಟಬಹುದು ಅಂದಳು. ಅಂಗಾಲು ಮುಟ್ಟಿದೆ. ಹಳ್ಳದ ಕಲ್ಲು ಮುಟ್ಟಿದ ಹಾಗಿತ್ತು. ನನ್ನ ಮೊದಲನೇದನ್ನು ಬಟ್ಟೆಯಲ್ಲಿ ಸುತ್ತಿ ಕೊಟ್ಟಾಗಲೂ ಅಂಗಾಲು ಹೀಗೇ ಇತ್ತು. ಅದರ ಪಕ್ಕದಲ್ಲಿ ಯಂತ್ರವಿರಲಿಲ್ಲ, ಅಷ್ಟೆ.

ತಂಗಿಯ ಗಂಡ ಲೀಡ್ಸ್‌ನಿಂದ ಯೂನಿಫಾರ್ಮಿನಲ್ಲೇ ಬಂದ. ಯಂತ್ರದ ಅಂಕಿಗಳನ್ನು ಒಂದೊಂದಾಗಿ ಓದಿದ, ಅವನಿಗೆ ಅವು ಅರ್ಥವಾಗುತ್ತವೆ. ಆಮೇಲೆ ಗೋಡೆಯ ಕಡೆ ಮುಖ ಮಾಡಿ ನಿಂತ.

ಬುಧವಾರ ಬೆಚ್ಚಗೆ ಮಾಡಲು ಶುರು ಮಾಡಿದರು. ಮುಳ್ಳಿನ ಮೇಲೆ ನಡೆದ ಹಾಗೆ ನಿಧಾನ, ಗಂಟೆಗೆ ಇಷ್ಟೇ ಇಷ್ಟು. ತಂಗಿ ಗಾಲಿಕುರ್ಚಿಯಲ್ಲಿ ಕೂಸಿನ ಪಕ್ಕ ಕೂತಿದ್ದಳು. ನಾನು ಅವಳ ಬೆನ್ನ ಹಿಂದೆ ನಿಂತಿದ್ದೆ. ಮೂರು ದಿನ ನನ್ನ ಜೊತೆ ಬೇಕಾದಷ್ಟೇ ಮಾತಾಡಿದ್ದಳು. ನೀರು ಕೊಡು. ದಿಂಬು ಸರಿ ಮಾಡು. ಈಗ ತಿರುಗದೆಯೇ ಕೇಳಿದಳು.

"ಅಕ್ಕಾ. ನಿನ್ ಮಗ್ಳು ನಿಜ್ವಾಗ್ಲೂ ಸುಮ್ನಾಗಿದ್ಲಾ?"

"ಇಲ್ಲ."

"ಮತ್ತೆ ಯಾವುದು?"

"ಮೊದ್ಲನೇದು."

ಹೇಳಿದೆ. ಮೂಗು ಮುಚ್ಚಿಕೊಂಡ ನರ್ಸಮ್ಮ, ನಕ್ಕ ಜನ, ಅತ್ತೆಯ ಮಾತು, ಮೂರು ದಿನ ಒಲೆಯ ಮುಂದೆ ಹೊಟ್ಟೆ ಹಿಡಿದುಕೊಂಡು ಕೂತದ್ದು. ಸೋಫಾದ ಮೇಲೆ ಅವಳ ಹೊಟ್ಟೆ ಮುಟ್ಟಿದಾಗ ಏನೂ ಆಡಿರಲಿಲ್ಲ ಎನ್ನುವುದನ್ನೂ ಹೇಳಿದೆ. ಅವಳು ಕೂಸಿನ ಬೆರಳು ಬಿಡಿಸುತ್ತಾ ಕೇಳಿಸಿಕೊಂಡಳು. ಆ ಬೆರಳು ಅವಳ ಬೆರಳನ್ನು ಹಿಡಿಯುತ್ತಿರಲಿಲ್ಲ.

"ಆ ಮೂರ್ ದಿನಾನೇ ಕಣಕ್ಕಾ ನಾನು ಹುಡುಕ್ತಾ ಇದ್ದಿದ್ದು," ಅಂದಳು. "ಎಲ್ಲಾರ್ ಮನೇಲೂ ಕೂತು ಕೇಳಿದ್ದು ಅದನ್ನೇ. ಗೊತ್ತಾದ್ ಮೇಲೂ ಯಾಕ್ ಮನೇಲೇ ಕೂತ್ರಿ ಅಂತ. ಒಬ್ರೂ ಹೇಳ್ಲಿಲ್ಲ. ನೀನಾದ್ರೂ..."

ಯಂತ್ರ ಒಮ್ಮೆ ಕೂಗಿತು. ನರ್ಸ್ ಬಂದು ನೋಡಿ, ಗುಂಡಿ ಒತ್ತಿ ಹೋದಳು.

ನಮ್ಮಲ್ಲಿ ದೊಡ್ಡವರು ಚಿಕ್ಕವರ ಮುಂದೆ ತಪ್ಪು ಒಪ್ಪಿಕೊಳ್ಳುವ ರೂಢಿಯಿಲ್ಲ. ಅವ್ವ ನನ್ನ ಮುಂದೆ ಒಪ್ಪಿಕೊಂಡಿರಲಿಲ್ಲ, ಅತ್ತೆ ಸಾಯುವವರೆಗೂ ಒಪ್ಪಿಕೊಳ್ಳಲಿಲ್ಲ. ನಾನು ಕುರ್ಚಿಯ ಹಿಂದಿನಿಂದ ಮುಂದಕ್ಕೆ ಬಂದೆ. ಶೂ ಹಾಕಿದ ದಿನದ ಹಾಗೆಯೇ ಮೊಣಕಾಲೂರಿದೆ. ಈ ಸಲ ತಲೆ ಎತ್ತಿ ಅವಳ ಮುಖ ನೋಡಿದೆ.

"ತಪ್ಪಾಯ್ತು ಮಗಾ," ಅಂದೆ. "ಕೂಸು ಸುಮ್ನಾದ್ರೆ ಏನು ಅಂತ ನಂಗ್ ಗೊತ್ತಿತ್ತು. ಗೊತ್ತಿದ್ದೂ ಆಡ್ತು ಅಂದೆ. ಚೀಟಿ ಮುಚ್ದೋಳು ನಾನೇ. ನಿಂಗೆ ತಪ್ ಮಾಡ್ದೆ, ಇದಕ್ಕೂ ತಪ್ ಮಾಡ್ದೆ, ನನ್ ಮೊದ್ಲನೇದಕ್ಕೂ ತಪ್ ಮಾಡ್ದೆ. ತಪ್ಪಾಯ್ತು."